ಬಡವನಿಗೆ ಇಟ್ಟ ತಟ್ಟೆ

ರೋಕ್‌ಸೆರ್, ನಿಯೋನ್ಸ್ ಪಟ್ಟಣದ ಮೇಲಿನ ಗುಡ್ಡ
ಡಿಸೆಂಬರ್ 5, ಸಂತ ಬಾರ್ಬೆಯ ಹಬ್ಬದ ಮರುದಿನ

ತಂಗಿ ಆರ್ಲೆಟ್‌ಗೆ,

ನಿನ್ನ ಅಕ್ಕ ಇನ್ನೂ ಬದುಕಿದ್ದಾಳೆ. ಕಣ್ಣು ಕಾಣುತ್ತದೆ, ಕಿವಿ ಬೇಕಾದಷ್ಟು ಕೇಳುತ್ತದೆ, ನಾಲಿಗೆಯ ವಿಷಯ ನಿನಗೆ ಗೊತ್ತೇ ಇದೆ. ನಿನ್ನ ಮಂಡಿನೋವು ಹೇಗಿದೆ? ಆ ಲೀಡ್ಸ್ ಊರಿನ ತೇವಕ್ಕೆ ಮಂಡಿಯೇನು, ಬಂಡೆಯೂ ನೋಯಬೇಕು. ನಿನ್ನ ಗಂಡ ನೆವಿಲ್ ರಕ್ತದೊತ್ತಡದ ಮಾತ್ರೆ ತಪ್ಪದೆ ನುಂಗುತ್ತಾನೆಯೇ? ನಾನು ಕೇಳಿದೆ ಎಂದು ಹೇಳು. ಅವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಸಿಟ್ಟಿರುವುದು ನಿನ್ನ ಮೇಲೆ, ಅದು ಕೆಳಗೆ ಬರುತ್ತದೆ. ಕಾಗದ ಬರೆಯುವಾಗ ಮೊದಲು ಆರೋಗ್ಯ ಕೇಳಬೇಕು ಎಂದು ಅಮ್ಮ ಕಲಿಸಿದ್ದಳು, ಕೇಳಿದ್ದಾಯಿತು.

ನಿನ್ನ ಕಾರ್ಡು ಸೋಮವಾರ ಬಂತು. ಮುಂದೆ ಯಾವುದೋ ಸಮುದ್ರದ ಚಿತ್ರ, ಹಿಂದೆ ನಾಲ್ಕು ಸಾಲು. "ಜನವರಿ ಎರಡನೇ ವಾರದಿಂದ ಮಾರ್ಚ್ ಕೊನೇತನಕ ನಿಮ್ಮ ಕಡೆ ಬಂದು ಇರೋ ಯೋಚನೆ ಇದೆ. ಒಂದು ಮನೆ ನೋಡಿದ್ದೀವಿ. ನಿನಗೇನೂ ತೊಂದರೆ ಕೊಡಲ್ಲ. ಬಿಡುವಿದ್ದಾಗ ಒಂದು ಮಧ್ಯಾಹ್ನ ಕಾಫಿಗೆ ಬರ್ತೀವಿ." ನಿಮ್ಮ ಕಡೆ ಅಂತೆ. ಹುಟ್ಟಿದ್ದು ಈ ಮನೆಯ ಮಹಡಿಯಲ್ಲಿ, ಬಿದ್ದು ಹಲ್ಲು ಮುರಿದುಕೊಂಡದ್ದು ಈ ಮನೆಯ ಮೆಟ್ಟಿಲಲ್ಲಿ, ಈಗ ಇದು 'ನಿಮ್ಮ ಕಡೆ' ಆಯಿತು. ಕಾಫಿಗೆ ಬರುತ್ತಾಳಂತೆ, ಹೊಸದಾಗಿ ಬಂದ ಪಾದ್ರಿಯನ್ನು ನೋಡಲು ಬರುವವರ ಹಾಗೆ. ಬಿಸ್ಕತ್ತು ಯಾವ ಅಂಗಡಿಯದು ಇರಬೇಕು, ಅದನ್ನೂ ಬರೆದಿದ್ದರೆ ತರಿಸಿಡುತ್ತಿದ್ದೆ.

ನಿನ್ನ ಕಾರ್ಡು ಬರುವ ಮೊದಲೇ ನನಗೆ ಎಲ್ಲ ಗೊತ್ತಿತ್ತು. ನನ್ನ ಗಂಡ ಎಮಿಲ್ ಹೋದ ಮೇಲೆ ಈ ಊರಿನ ಬಾಡಿಗೆ ಮನೆಗಳ ಬೀಗದ ಕೈಗಳು ನನ್ನ ಹತ್ತಿರ ಇವೆ ಎಂದು ನಾನು ಹಿಂದೆ ಬರೆದಿದ್ದೆ, ನೀನು ಓದಿರಲಿಕ್ಕಿಲ್ಲ. ಮನೆಗಳಿಗೆ ಗಾಳಿಯಾಡಿಸುವುದು, ಹಾಸಿಗೆ ಹಾಸುವುದು, ಗಿರಾಕಿಗಳು ಬರುವ ದಿನ ಒಲೆ ಹೊತ್ತಿಸಿ ಇಡುವುದು ನನ್ನ ಕೆಲಸ. ಗಂಡ ಸತ್ತ ಹೆಂಗಸು ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಡಚ್ಚರ ಕೊಳೆ ತೊಳೆಯುವುದು ವಾಸಿ. ಹೋದ ತಿಂಗಳು ಎದುರು ಮನೆಯ ಒಡತಿ, ಬೆಲ್ಜಿಯಮ್ಮಿನ ಮದಾಮ್ ಕ್ಲಾಸೆನ್, ಫೋನ್ ಮಾಡಿದಳು. "ಲಿಯೊಂಟೀನ್, ಒಳ್ಳೇ ಸುದ್ದಿ. ಚಳಿಗಾಲಕ್ಕೂ ಗಿರಾಕಿ ಸಿಕ್ಕಿದ್ರು. ವಯಸ್ಸಾದ ಇಂಗ್ಲಿಷ್ ಗಂಡ ಹೆಂಡ್ತಿ. ಆಯಮ್ಮ ಫ್ರೆಂಚ್ ಎಷ್ಟು ಚೆನ್ನಾಗಿ ಮಾತಾಡ್ತಾರೆ ಗೊತ್ತಾ, ನಿಮ್ಮ ಥರಾನೇ ರಾಗ ಎಳೀತಾರೆ." ಹೆಸರೇನು ಎಂದೆ. ಆಶ್‌ಡೌನ್ ಎಂದಳು, ನೆವಿಲ್‌ನ ಮನೆತನದ ಹೆಸರು. ಆಗ ನಾನು ಅವಳದೇ ದಿಂಬಿನ ಚೀಲ ಇಸ್ತ್ರಿ ಮಾಡುತ್ತಿದ್ದೆ. ಕೈ ಅಲ್ಲೇ ನಿಂತಿತು. ಬಟ್ಟೆ ಸುಟ್ಟು ಅಂಗೈ ಅಗಲ ಕಂದು ಕಲೆ ಬಿದ್ದಿದೆ.

ಆಮೇಲೆ ಮದಾಮ್ ನಿನ್ನ ಬೇಡಿಕೆಗಳನ್ನೆಲ್ಲ ಹೇಳಿದಳು. ಬಿಸಿಲು ಬೀಳುವ ಜಗಲಿ ಬೇಕು. ನಿಶ್ಶಬ್ದವಾಗಿರಬೇಕು. ಒಣಗಿದ ಸೌದೆ ಇರಬೇಕು. ಕೊನೆಯದನ್ನು ಕೇಳಿ ನಾನು ಫೋನಿನಲ್ಲೇ ಕೆಮ್ಮಬೇಕಾಯಿತು: ಊರಿನ ಹೆಂಗಸರು ಯಾರಾದರೂ ಬಂದು ಇಲ್ಲಿಯ ಮನೆ ಅಡುಗೆ ಒಂದೆರಡು ತೋರಿಸಿಕೊಟ್ಟರೆ ಯಜಮಾನರಿಗೆ ಬಹಳ ಸಂತೋಷವಾಗುತ್ತದೆ. ಮದಾಮ್ ನನ್ನ ಹೆಸರನ್ನೇ ಕೊಟ್ಟಿದ್ದಾಳೆ ಕಣೇ. ಅಮ್ಮನ ಬೆಳ್ಳುಳ್ಳಿ ಸಾರು ಮಾಡುವುದು ಹೇಗೆ ಎಂದು ನಾನು ನಿನಗೆ ತೋರಿಸಿಕೊಡಬೇಕಂತೆ. ನೀನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತೀಯ, ಮೊದಲ ಸಲ ನೋಡುವವಳ ಹಾಗೆ. ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ, ಎರಡು ಎಲೆ ಹಾಕಿ ನೀರು ಕುದಿಸುವುದಕ್ಕೆ ಪಾಠ ಬೇರೆ ಕೇಡು.

ನೀನು ಹಿಡಿದಿರುವ ಮನೆ ಯಾವುದು ಗೊತ್ತೇ? ಚಿತ್ರ ನೋಡಿ ಗುರುತು ಹತ್ತಲಿಲ್ಲವೇ? ಅದು ಬಾರ್ತೆಲೆಮಿಯ ಹೇಸರಗತ್ತೆಯ ಕೊಟ್ಟಿಗೆ. ನಿನ್ನ ಮಲಗುವ ಕೋಣೆಯಲ್ಲಿ ಅವನ ಆಡುಗಳಿದ್ದವು. ನಾವಿಬ್ಬರೂ ಮೊಟ್ಟೆ ಕದಿಯಲು ಹೋಗಿ ಸಿಕ್ಕಿಬಿದ್ದು ಅಪ್ಪನ ಕೈಯಲ್ಲಿ ಬೆಲ್ಟಿನ ಏಟು ತಿಂದದ್ದು ಈಗಿನ ಸ್ನಾನದ ಮನೆಯಲ್ಲಿ. ಮದಾಮ್ ಗೋಡೆಗೆ ಸುಣ್ಣ ಬಳಿಸಿ, ಮೇವಿನ ಬುಟ್ಟಿಯನ್ನು ಗೋಡೆಗೆ ತೂಗುಹಾಕಿ, 'ಕುರುಬನ ಬೀಡು' ಎಂದು ಹೆಸರಿಟ್ಟಿದ್ದಾಳೆ. ನಿನ್ನ ಬಿಸಿಲಿನ ಜಗಲಿ ಎಂದರೆ ಅವನು ಗೊಬ್ಬರ ರಾಶಿ ಹಾಕುತ್ತಿದ್ದ ಕಟ್ಟೆ. ಅದರ ಮುಖ ಉತ್ತರಕ್ಕೆ. ಜನವರಿಯಲ್ಲಿ ಅಲ್ಲಿ ಬಿಸಿಲು ಹುಡುಕುವವಳು ಮೇ ತಿಂಗಳವರೆಗೆ ಕಾಯಬೇಕು. ಈ ಊರಲ್ಲಿ ಹುಟ್ಟಿದವಳಿಗೆ ಯಾವ ಗೋಡೆಗೆ ಯಾವ ಹೊತ್ತಿನಲ್ಲಿ ಬಿಸಿಲು ಬೀಳುತ್ತದೆಂದು ತಿಳಿಯದಿದ್ದರೆ ನಾನೇನು ಹೇಳಲಿ.

ಚಳಿಗಾಲ ಕಳೆಯಲು ಬರುವ ನಿಮ್ಮಂಥವರನ್ನು ನಾನು ಹತ್ತು ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಮಾತು ಇವರಿಗಾಗಿಯೇ ಹುಟ್ಟಿದ್ದು. ಬರುವ ಮುಂಚೆ ಆರು ತಿಂಗಳು ಯೋಜನೆ ಹಾಕುತ್ತಾರೆ. ಬಂದ ದಿನ ಕಿಟಕಿ ಬಾಗಿಲೆಲ್ಲ ತೆರೆದು "ಆಹಾ, ಎಂಥ ಬೆಳಕು" ಎನ್ನುತ್ತಾರೆ. ಮೂರನೆಯ ದಿನ ಮಿಸ್ತ್ರಾಲ್ ಗಾಳಿ ಎದ್ದರೆ ಅದೇ ಕಿಟಕಿಗಳಿಗೆ ಕಂಬಳಿ ತುರುಕಿ ನನಗೆ ಫೋನ್ ಮಾಡುತ್ತಾರೆ: "ಮದಾಮ್, ಈ ಗಾಳಿ ಯಾವಾಗ ನಿಲ್ಲುತ್ತೆ?" ನಾನೇನು ಗಾಳಿಯ ಬೀಗದ ಕೈ ಇಟ್ಟುಕೊಂಡಿದ್ದೇನೆಯೇ. ಹೋದ ವರ್ಷ ಒಬ್ಬಳು ಜನವರಿಯಲ್ಲಿ ಲ್ಯಾವೆಂಡರ್ ಹೊಲ ಎಲ್ಲಿ ಎಂದು ಕೇಳಿಕೊಂಡು ಬಂದಳು. ತೋರಿಸಿದೆ. ಕತ್ತರಿಸಿ ಬಿಟ್ಟ ಬೂದು ಮೋಟುಗಳ ಸಾಲು ನೋಡಿ "ಇದು ಸತ್ತುಹೋಗಿದೆ" ಎಂದು ನನ್ನ ಮೇಲೇ ಮುಖ ಗಂಟಿಕ್ಕಿದಳು. ಇನ್ನೊಬ್ಬ ಮಹಾಶಯ, ನಿವೃತ್ತ ನ್ಯಾಯಾಧೀಶನಂತೆ, ಚರ್ಚಿನ ಗಂಟೆ ಬೆಳಿಗ್ಗೆ ಸ್ವಲ್ಪ ತಡವಾಗಿ ಹೊಡೆಯಲು ಹೇಳಬಹುದೇ ಎಂದ. ಊರಿನ ಕಾಫಿ ಅಂಗಡಿ ಜನವರಿಯಲ್ಲಿ ಬಾಗಿಲು ಹಾಕಿರುತ್ತದೆ, ಅಂಗಡಿಯವನೂ ಎಲ್ಲಾದರೂ ಬೆಚ್ಚಗಿರಬೇಕಲ್ಲ. ಅದನ್ನು ಇವರು ತಮ್ಮ ಯೋಜನೆಗೆ ಬಗೆದ ದ್ರೋಹ ಎಂದು ತಿಳಿಯುತ್ತಾರೆ. ಫೆಬ್ರವರಿ ಬರುವಷ್ಟರಲ್ಲಿ ಮೂಗು ಸೋರಿಸಿಕೊಂಡು ಕಂಬಳಿ ಹೊದ್ದು ಕೂತಿರುತ್ತಾರೆ. ಊರಿಗೆ ಹೋಗಿ ಮಾತ್ರ "ಸ್ವರ್ಗ ಕಂಡ್ರೀ" ಎನ್ನುತ್ತಾರಂತೆ. ಇವರನ್ನು ನೋಡಿ ನಾನೂ ಬೇಕರಿಯವಳೂ ಹೊಟ್ಟೆ ತುಂಬ ನಗುತ್ತೇವೆ. ಈ ಸಲ ನಮ್ಮ ನಗುವಿಗೆ ನೀನೇ ಸಿಗುತ್ತೀಯ.

ಚಳಿಗಾಲ ಇಲ್ಲಿ ವಿಶ್ರಾಂತಿಯ ಕಾಲವಲ್ಲ ಎಂಬುದಾದರೂ ನೆನಪಿದೆಯೇ? ಹಿಮ ಬಿದ್ದು ಆಲಿವ್ ಕಾಯಿ ಕಪ್ಪಾಗಿ ಸುಕ್ಕುಗಟ್ಟಿದೆ. ಮುಂದಿನ ವಾರದಿಂದ ಬಲೆ ಹಾಸಿ ಕೀಳಲು ಶುರು ಮಾಡಬೇಕು. ಗುಡ್ಡದ ಮೇಲಿನ ಮೆಟ್ಟಿಲುಹೊಲದ ಮರಗಳನ್ನು ನಾನೇ ಏಣಿ ಹಾಕಿ ಕೀಳುತ್ತೇನೆ. ಇನ್ನು ಬೇಡ ಎಂದು ವೈದ್ಯ ಹೇಳಿದ, ಅವನು ಬಂದು ಕೀಳುತ್ತಾನೆಯೇ ಎಂದು ಕೇಳಿದೆ. ನೀನು ಚಿಕ್ಕವಳಿದ್ದಾಗ ಬೆರಳು ಮರಗಟ್ಟಿತೆಂದು ಅಳುತ್ತಾ ಕೈಯನ್ನು ನನ್ನ ಕಂಕುಳಲ್ಲಿ ತುರುಕುತ್ತಿದ್ದೆ. ಈಗ ನೀನು ಗೊಬ್ಬರದ ಕಟ್ಟೆಯ ಮೇಲೆ ಚಹಾ ಹಿಡಿದು ಕೂತು, ಏಣಿ ಮೇಲಿನ ನನ್ನ ಚಿತ್ರ ತೆಗೆಯುತ್ತೀಯ. ಲೀಡ್ಸಿನಲ್ಲಿ ಗೆಳತಿಯರಿಗೆ ತೋರಿಸಿ "ನೋಡ್ರೇ, ಹಳ್ಳಿ ಹೆಂಗಸು" ಎನ್ನಬಹುದು. ನನ್ನ ಹೆಸರು ಹೇಳುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ.

ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಜನವರಿ ಎರಡನೆಯ ವಾರವೇ ಏಕೆ? ಆಗ ಬಾಡಿಗೆ ಕಡಿಮೆ, ವಿಮಾನದಲ್ಲಿ ಜನ ಕಡಿಮೆ ಎಂದು ಮದಾಮ್‌ಗೆ ಹೇಳಿದೆಯಂತೆ. ಅವಳು ನಂಬಿದಳು. ನಾನು ನಿನ್ನ ಜಡೆ ಹೆಣೆದವಳು, ನನಗೆ ಕಥೆ ಹೇಳಬೇಡ. ಕ್ರಿಸ್‌ಮಸ್ ಮುಗಿಯಲಿ, ಮೇಜು ಎತ್ತಲಿ, ಆಮೇಲೆ ಹೋಗೋಣ ಎಂದು ಲೆಕ್ಕ ಹಾಕಿದ್ದೀಯ. ನಾಲ್ಕು ದಶಕವಾಯಿತು, ನೀನು ಈ ಮನೆಯ ಕ್ರಿಸ್‌ಮಸ್ ಊಟಕ್ಕೆ ಕೂತಿಲ್ಲ. ಅಪ್ಪ ಸತ್ತಾಗ ಬಂದೆ, ನಿಯೋನ್ಸಿನ ಹೋಟೆಲಿನಲ್ಲಿ ಉಳಿದೆ. ಅಮ್ಮ ಸತ್ತಾಗ ಬಂದೆ, ಮತ್ತೆ ಹೋಟೆಲು. ಎಮಿಲ್ ಸತ್ತಾಗ ಹೂವು ಕಳಿಸಿದೆ. ಎಲ್ಲ ಒಂದು ಕುರ್ಚಿಯ ಸಲುವಾಗಿ.

ಆ ರಾತ್ರಿ ನನಗೆ ನಿನ್ನೆ ನಡೆದಂತಿದೆ, ನಿನಗೂ ಹಾಗೇ ಇರಬೇಕು, ಇಲ್ಲದಿದ್ದರೆ ಇಷ್ಟು ವರ್ಷ ಹೊತ್ತು ತಿರುಗುತ್ತಿರಲಿಲ್ಲ. ಮೂರು ಬಿಳಿ ಮೇಜುಬಟ್ಟೆ ಹಾಸಿ, ಮೂರು ಮೇಣದಬತ್ತಿ ಹಚ್ಚಿ ಅಮ್ಮ ತಟ್ಟೆ ಇಟ್ಟಿದ್ದಳು. ನಿನ್ನನ್ನೂ ಸೇರಿಸಿ ಹನ್ನೊಂದು ಜನ, ಜೊತೆಗೆ ಎಂದಿನಂತೆ ಬಡವನಿಗೆ ಒಂದು, ಯಾರಾದರೂ ದಾರಿಹೋಕ ಬಾಗಿಲು ತಟ್ಟಿದರೆ ಇರಲಿ ಎಂದು. ಒಟ್ಟು ಹನ್ನೆರಡು ತಟ್ಟೆ. ನೀನು ಬಾಗಿಲು ತಳ್ಳಿಕೊಂಡು ಬಂದೆ. ಹಿಂದೆ ಒಬ್ಬ ಉದ್ದನೆಯ ಮನುಷ್ಯ, ಚಳಿಗೆ ಮೂಗು ಕೆಂಪಾಗಿತ್ತು. "ಇವರು ನನ್ನ ಯಜಮಾನ್ರು, ಹೋದ ತಿಂಗಳು ಮದುವೆಯಾದ್ವಿ" ಎಂದೆ. ಯಾರಿಗೂ ತಿಳಿಸದೆ ಮದುವೆಯಾಗಿ ಬಂದವಳಿಗೆ ಅಪ್ಪ ಒಂದು ಮಾತೂ ಬೈಯಲಿಲ್ಲ, ಅದು ನಿನಗೆ ಮರೆತೇಹೋಗಿದೆ. ಅಮ್ಮ ಇನ್ನೊಂದು ತಟ್ಟೆ ತೆಗೆಯಲು ಕೈಚಾಚಿದಳು. ಅಗಾತ್ ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡಳು. "ಹದಿಮೂರು ತಟ್ಟೆ ಇಟ್ರೆ ವರ್ಷದೊಳಗೆ ನನ್ನನ್ನ ಹೊತ್ಕೊಂಡು ಹೋಗ್ತೀರಿ, ನೋಡ್ಕೊಳ್ಳಿ." ಕೂತವರು ಹನ್ನೆರಡೇ ಅಲ್ಲವೇ ಅತ್ತೆ ಎಂದು ಎಮಿಲ್ ಹೇಳಿದ. "ಸಾವು ತಲೆ ಎಣಿಸಲ್ಲ, ತಟ್ಟೆ ಎಣಿಸುತ್ತೆ" ಎಂದಳು. ಮುದುಕಿಯ ಜೊತೆ ವಾದಿಸುವವರು ಯಾರು? ಅಮ್ಮ ನೆವಿಲ್‌ನ ಕೈ ಹಿಡಿದು ಬಡವನ ತಟ್ಟೆಯ ಮುಂದೆ ಕೂರಿಸಿದಳು. ಅಪ್ಪ ಮೀಸೆ ಒರೆಸಿಕೊಂಡು, "ಮೂವತ್ತು ವರ್ಷ ತಟ್ಟೆ ಇಟ್ಟು ಕಾದಿದ್ದಕ್ಕೆ ಇವತ್ತು ಬಂದ ನೋಡಿ ನಮ್ಮ ಭಿಕ್ಷುಕ, ಅದೂ ಟೈ ಕಟ್ಕೊಂಡು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಈಗ ಕೇಳಿದರೂ ನಗುತ್ತೇನೆ. ಒಂದಕ್ಷರ ಅರ್ಥವಾಗದ ನೆವಿಲ್ ಎಲ್ಲರಿಗಿಂತ ಜೋರಾಗಿ ನಕ್ಕು ಲೋಟ ಎತ್ತಿದ. ನೀನೊಬ್ಬಳು ಬಿಳಿಚಿಕೊಂಡು ಕೂತಿದ್ದೆ. ಮರುದಿನ ಬೆಳಿಗ್ಗೆ ಪೆಟ್ಟಿಗೆ ಹಿಡಿದು, "ನನ್ನ ಗಂಡನ್ನ ಭಿಕ್ಷುಕನ ಜಾಗದಲ್ಲಿ ಕೂರಿಸಿದ್ರಿ. ಇನ್ನು ಈ ಮೇಜಿಗೆ ನಾನು ಬರಲ್ಲ" ಎಂದು ಹೊರಟೆ. ಅಗಾತ್ ಅತ್ತೆ ಹನ್ನೆರಡು ತಟ್ಟೆ ಇಟ್ಟರೂ ಫೆಬ್ರವರಿಯಲ್ಲಿ ಹೋದಳು, ಅದು ಬೇರೆ ಮಾತು.

ಮೂರ್ಖಳೇ, ಆ ಜಾಗ ಯಾವುದೆಂದು ನೀನು ಒಂದು ಸಲವಾದರೂ ಯೋಚಿಸಿದೆಯಾ? ಬೆಂಕಿಗೂಡಿಗೆ ಎಲ್ಲಕ್ಕಿಂತ ಹತ್ತಿರದ ಕುರ್ಚಿ ಅದು. ಅಪ್ಪನಿಗೂ ಅಲ್ಲಿ ಕೂರುವ ಹಕ್ಕಿರಲಿಲ್ಲ. ಅಲ್ಲಿ ಕೂತವನಿಗೆ ಮೊದಲ ಸೌಟು, ಮೀನಿನ ನಡುತುಂಡು, ಎಣ್ಣೆ ರೊಟ್ಟಿಯ ಮೊದಲ ಚೂರು. ಬಾಗಿಲಿಗೆ ಬಂದವನನ್ನು ದೇವರೇ ಕಳಿಸಿದ ಎಂದು ಅಮ್ಮ ನಂಬಿದ್ದಳು, ಅದಕ್ಕೇ ನಿನ್ನ ಗಂಡನನ್ನು ಅಲ್ಲಿ ಕೂರಿಸಲು ಅವಳ ಮನಸ್ಸು ಅಳುಕಲಿಲ್ಲ. ನೀನು ಲೀಡ್ಸಿಗೆ ಹೋಗಿ ಎರಡು ವರ್ಷವಾಗಿತ್ತಷ್ಟೆ, ಅಷ್ಟರಲ್ಲೇ ಮೂಗಿಗಿಂತ ಮೂಗುತಿ ಭಾರವಾಗಿತ್ತು. ನಗು ನೆನಪಿಟ್ಟುಕೊಂಡೆ, ಸೌಟು ಮರೆತೆ. ಅಮ್ಮ ಸಾಯುವವರೆಗೂ ಪ್ರತಿ ಕ್ರಿಸ್‌ಮಸ್ಸಿಗೆ ಆ ಕುರ್ಚಿ ಒರೆಸುವಾಗ "ಏನು ತಪ್ಪು ಮಾಡಿದ್ನೋ" ಎನ್ನುತ್ತಿದ್ದಳು. ನೀನು ಏನೂ ಮಾಡಿಲ್ಲ, ನಿನ್ನ ಮಗಳಿಗೆ ತಲೆ ಕೆಟ್ಟಿದೆ ಎಂದು ನಾನು ಪ್ರತಿ ವರ್ಷ ಹೇಳಬೇಕಾಗಿತ್ತು.

ಇನ್ನೊಂದು ಹೇಳುತ್ತೇನೆ, ಇದು ನಿನಗೆ ಗೊತ್ತಿಲ್ಲ. ಅಮ್ಮನನ್ನು ಮಣ್ಣು ಮಾಡಿದ ದಿನ ನೀನು ಪಾದ್ರಿಯ ಜೊತೆ ಮಾತಾಡುತ್ತಿದ್ದಾಗ ನೆವಿಲ್ ನನ್ನ ಹತ್ತಿರ ಬಂದ. ಅವನ ಫ್ರೆಂಚ್ ಕುಂಟುತ್ತಾ ಬರುತ್ತದೆ, ಆದರೂ ಬರುತ್ತದೆ. "ಆ ಕ್ರಿಸ್‌ಮಸ್ ದಿನ ನಿಮ್ಮಮ್ಮ ನನ್ನನ್ನ ಬೆಂಕಿ ಪಕ್ಕ ಕೂರಿಸಿದ್ರು. ಎಲ್ಲರಿಗಿಂತ ಮೊದಲು ನನಗೇ ಬಡಿಸಿದ್ರು. ನನ್ನ ಸ್ವಂತ ಮನೇಲಿ ನನಗೆ ಯಾರೂ ಹಾಗೆ ಬಡಿಸಿಲ್ಲ ಲಿಯೊಂಟೀನ್. ಮತ್ತೆ ಯಾಕೆ ನಮ್ಮನ್ನ ಕರೀಲೇ ಇಲ್ಲ?" ಎಂದ. ಕರೆದಿದ್ದೆವು, ಪ್ರತಿ ವರ್ಷ ಕರೆದಿದ್ದೆವು. ಆ ಕಾಗದಗಳು ಅವನವರೆಗೆ ತಲುಪಿಲ್ಲ ಎಂದು ಆಗ ಗೊತ್ತಾಯಿತು. "ರೈಲು ದೂರ" ಎಂದು ಏನೋ ಹೇಳಿ ಅವನ ಕೈ ಹಿಡಿದೆ. ನಿನ್ನ ಮರ್ಯಾದೆ ಉಳಿಸಿದೆ. ಆ ಮನುಷ್ಯನ ಪರವಾಗಿ ನೀನು ಇಷ್ಟು ವರ್ಷ ಅವಮಾನ ಪಟ್ಟುಕೊಂಡೆ, ಅವನು ಇಷ್ಟು ವರ್ಷ ಮತ್ತೆ ಕರೆಯಲಿ ಎಂದು ಕಾದ. ನಿಮ್ಮಿಬ್ಬರ ಸಂಸಾರದಲ್ಲಿ ಮಾತುಕತೆ ಇದೆಯೋ ಇಲ್ಲವೋ ನನಗೆ ಅನುಮಾನ.

ಮೇಜಿನಲ್ಲಿ ಹನ್ನೆರಡಿದ್ದದ್ದು ಒಂಬತ್ತಾಯಿತು, ಆರಾಯಿತು, ಎರಡಾಯಿತು, ಈಗ ನಾನೊಬ್ಬಳು ಮತ್ತು ಬಡವನ ತಟ್ಟೆ. ನಿನಗೂ ಮಕ್ಕಳಾಗಲಿಲ್ಲ, ನನಗೂ ಆಗಲಿಲ್ಲ. ಊಟಕ್ಕೆ ಮೊದಲು ಹಣ್ಣಿನ ಮರದ ಕೊರಡನ್ನು ಮನೆಯ ಹಿರಿಯರು ಒಂದು ತುದಿ, ಕಿರಿಯರು ಒಂದು ತುದಿ ಹಿಡಿದು ಮೇಜಿನ ಸುತ್ತ ಮೂರು ಸುತ್ತು ಬಂದು ಬೆಂಕಿಗೆ ಇಡಬೇಕಲ್ಲ. ಕೊರಡಿಗೆ ಎರಡು ತುದಿ ಇದೆ, ನನಗೆ ಎರಡು ಕೈ ಇದೆ, ಆದರೆ ಅದು ಹಾಗಲ್ಲ. ಕೆಲವು ವರ್ಷ ಬೇಕರಿಯವಳ ಮಗಳು ಎಲೋಡಿಯನ್ನು ಎರವಲು ತಂದೆ. ಎಲೋಡಿ ಸಣ್ಣವಳಿದ್ದಾಗ ಒಂದು ತುಂಡು ನೌಗಾ ಮಿಠಾಯಿಗೆ ಕುಣಿದುಕೊಂಡು ಬರುತ್ತಿದ್ದಳು. ಈಗ ಬೆಳೆದಿದ್ದಾಳೆ. ಹೋದ ವರ್ಷ "ನಾನು ನಿಮ್ಮ ಮನೆಯವಳಲ್ಲವಲ್ಲಾ ಅಜ್ಜಿ" ಎಂದಳು. ಕೆಟ್ಟದಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು.

ಹೋದ ಕ್ರಿಸ್‌ಮಸ್ಸಿಗೆ ನಾನೊಬ್ಬಳೇ ಎತ್ತಲು ನೋಡಿದೆ. ಒಂದು ತುದಿ ಎತ್ತಿದರೆ ಇನ್ನೊಂದು ನೆಲಕ್ಕೆ ಉಜ್ಜಿತು. ಅಲ್ಲೇ ಬಿಟ್ಟೆ. ಇದ್ದಲ್ಲೇ ಅದರ ಮೇಲೆ ಮೂರು ಸಲ ಸಿಹಿ ವೈನು ಸುರಿದು, ಅಪ್ಪ ಹೇಳುತ್ತಿದ್ದದ್ದನ್ನು ಹೇಳಿದೆ: ಬರುವ ವರ್ಷ ನಾವು ಹೆಚ್ಚಾಗದಿದ್ದರೆ ಬೇಡ, ಕಡಿಮೆಯಾಗದಿರಲಿ. ಹೇಳಿದ ಮೇಲೆ ಸುತ್ತ ನೋಡಿದೆ. ಇನ್ನು ಕಡಿಮೆಯಾಗಲು ಏನು ಉಳಿದಿದೆ ಎಂದು ನಗು ಬಂತು, ನಗುತ್ತಾ ಅಳು ಬಂತು. ನಿನಗಾಗಿ ಅತ್ತೆ ಎಂದು ಬೀಗಬೇಡ. ಸೊಂಟ ಉಳುಕಿತ್ತು.

ನಿನ್ನೆ ಸಂತ ಬಾರ್ಬೆಯ ಗೋಧಿ ನೆನೆಸಿ, ಕ್ರಿಸ್‌ಮಸ್ ಮೇಜಿಗೆ ಹಸಿರು ಮೊಳೆಯಲೆಂದು ಮೂರು ಬಟ್ಟಲಲ್ಲಿ ಹಾಕಿದ್ದೇನೆ. ಗೋದಲಿಯ ಮಣ್ಣಿನ ಗೊಂಬೆಗಳನ್ನು ಇಳಿಸಿ ಒರೆಸಿದೆ. ನೀನು ಕಿವಿ ಮುರಿದಿದ್ದ ಕತ್ತೆಗೆ ಇನ್ನೂ ಕಿವಿಯಿಲ್ಲ. ಗೋದಲಿಯನ್ನು ಫೆಬ್ರವರಿ ಎರಡರವರೆಗೆ ತೆಗೆಯುವುದಿಲ್ಲ, ಆದ್ದರಿಂದ ನಿನ್ನ ಆ ಪ್ರಸಿದ್ಧ ಮಧ್ಯಾಹ್ನದ ಕಾಫಿಗೆ ಬಂದಾಗ ನೋಡಬಹುದು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ನಾನು ಬೇಕರಿಯವಳಿಗೆ ಹೇಳಿದೆ. ಅವಳು, "ಬರ್ತಾರೆ ಬಿಡಿ, ಆದ್ರೆ ಕೊಡ ತಗೊಂಡು ಬರಲ್ಲ, ಕ್ಯಾಮೆರಾ ತಗೊಂಡು ಬರ್ತಾರೆ" ಎಂದಳು. ನಿನ್ನನ್ನು ಅವಳು ಒಂದು ಸಲವೂ ನೋಡಿಲ್ಲ, ಆದರೂ ಸರಿಯಾಗಿ ಹೇಳಿದಳು.

ಇಷ್ಟು ಸಾಕು, ಅಂಚೆಯ ಹಳದಿ ಬಂಡಿ ಮಧ್ಯಾಹ್ನಕ್ಕೆ ಮುಂಚೆ ಹೊರಡುತ್ತದೆ. ಮಂಡಿಗೆ ಎಣ್ಣೆ ತಿಕ್ಕು, ಅಲ್ಲಿ ಸಿಗುವ ಎಣ್ಣೆಯಲ್ಲ, ಹೋದ ವರ್ಷ ನಾನು ಕಳಿಸಿದ್ದು ಉಳಿದಿದ್ದರೆ ಅದು. ನೆವಿಲ್‌ಗೆ ದೇವರು ಆಯುಷ್ಯ ಕೊಡಲಿ, ನಿನಗೆ ಬುದ್ಧಿ ಕೊಡಲಿ.

ನಿನ್ನ ಹಿರಿಯಕ್ಕ,
ಲಿಯೊಂಟೀನ್

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಮದಾಮ್ ಕ್ಲಾಸೆನ್‌ಗೆ ಫೋನ್ ಮಾಡಿ, ಆಶ್‌ಡೌನ್ ದಂಪತಿ ಬರುವುದಿಲ್ಲ ಎಂದು ಹೇಳಿಬಿಟ್ಟೆ. "ಅಯ್ಯೋ, ಏನಾಯ್ತಂತೆ?" ಎಂದಳು. "ಅವರಿಗೆ ಈ ಊರಲ್ಲಿ ಸ್ವಂತ ಮನೆ ಇದೆಯಂತೆ, ಈಗ ನೆನಪಾಯ್ತಂತೆ" ಎಂದೆ. ಸಂಜೆಯೊಳಗೆ ಆ ಕೊಟ್ಟಿಗೆಯನ್ನು ಲೀಲ್ ಪಟ್ಟಣದ ಹಲ್ಲಿನ ವೈದ್ಯನೊಬ್ಬ ಹಿಡಿದ, ಅವನಿಗೂ ಬಿಸಿಲಿನ ಜಗಲಿ ಬೇಕಂತೆ. ಹಾಗಾಗಿ ಜನವರಿಗೆ ನಿನಗೆ ಮನೆಯಿಲ್ಲ. ಸಿಟ್ಟು ಮಾಡಿಕೊಳ್ಳುವುದಿದ್ದರೆ ಇಲ್ಲಿಗೆ ಬಂದು ಮಾಡಿಕೋ. ನಿನ್ನ ಮಹಡಿಯ ಕೋಣೆಗೆ ಗಾಳಿಯಾಡಿಸಿ ಹಾಸಿಗೆ ಹಾಸಿದ್ದೇನೆ. ಕಂದು ಕಲೆಯ ದಿಂಬು ನಿನಗೆ, ನೆಟ್ಟಗಿರುವುದು ನೆವಿಲ್‌ಗೆ. ಇಪ್ಪತ್ಮೂರನೆಯ ತಾರೀಖಿನೊಳಗೆ ಬನ್ನಿ. ತಟ್ಟೆಯ ಲೆಕ್ಕ ಹಾಕಿದ್ದೇನೆ: ನಾನು, ನೀನು, ನೆವಿಲ್, ಬಡವನದು ಒಂದು. ಅಗಾತ್ ಅತ್ತೆ ಎದ್ದು ಬಂದು ಎಣಿಸಿದರೂ ಹದಿಮೂರಾಗುವುದಿಲ್ಲ. ನೆವಿಲ್‌ಗೆ ಅವನದೇ ತಟ್ಟೆ ಇಡುತ್ತೇನೆ, ಆದರೆ ಬೆಂಕಿಯ ಪಕ್ಕದ ಕುರ್ಚಿಯೇ ಬೇಕೆಂದು ಅವನು ಕೇಳಿದರೆ ನೀನು ಬಾಯಿ ಮುಚ್ಚಿಕೊಂಡಿರಬೇಕು. ನೀನು ಹತ್ತಿ ಇಳಿಯಲಾರದೆ ಅಳುತ್ತಿದ್ದ ಹಿತ್ತಲಿನ ಬಾದಾಮಿ ಮರ ಅಕ್ಟೋಬರ್ ಗಾಳಿಗೆ ಬಿತ್ತು. ಅದರ ಕೊರಡು ಕೊಯ್ಯಿಸಿ ಬಾಗಿಲ ಹಿಂದೆ ನಿಲ್ಲಿಸಿದ್ದೇನೆ, ಬಹಳ ಭಾರ ಇದೆ. ಹಿರಿಯರ ತುದಿ ನಾನು ಹಿಡಿಯುತ್ತೇನೆ. ನಿನಗೆ ಎಪ್ಪತ್ತಾದರೇನು, ಈ ಮನೆಯಲ್ಲಿ ಕಿರಿಯಳು ನೀನೇ. ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಾ.